ಆ ಆದೇಶ ಯಾರ ಹೆಸರಿಗೆ ಬಂದಿತ್ತು?

(ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಹೊತ್ತು ಸಾಲದೆ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಗೆ ಬಂದ ಒಂದು ಪ್ರಶ್ನೆಯನ್ನು ಬಿಡಲು ಮನಸ್ಸಾಗಲಿಲ್ಲ.)

ಎಲ್ಲರಿಗೂ ನಮಸ್ಕಾರ. ಅಸ್ಸಲಾಮು ಅಲೈಕುಮ್.

ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯ ಮೇಷ್ಟ್ರು ಹಳೆಯ ಗೆಳೆಯರು. ಒಂದು ದಿನ ಊಟದ ಹೊತ್ತಿನಲ್ಲಿ ಫೋನನ್ನು ನನ್ನ ಕಡೆ ತಿರುಗಿಸಿ ದನಿ ತಗ್ಗಿಸಿ ಕೇಳಿದರು: "ಸಾರ್, ತಪ್ಪು ತಿಳ್ಕೋಬೇಡಿ. ಇದು ನಿಜವಾಗ್ಲೂ ಕುರ್‌ಆನಿನಲ್ಲಿ ಇದೆಯಾ?" ಯಾರೋ ಕಳಿಸಿದ ಮೆಸೇಜು. ಒಂದೇ ಸಾಲು. "ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿರಿ." ಕೆಳಗೆ 9:5 ಅಂತ ನಂಬರು.

ಇದೆ ಅಂದೆ. ಇರುವುದನ್ನು ಇಲ್ಲ ಅನ್ನಲು ಆಗುತ್ತದೆಯೇ? ಅವರ ಮುಖ ಸಣ್ಣದಾಯಿತು. ನನ್ನದೂ ಆಗಿರಬೇಕು. ಅಷ್ಟರಲ್ಲಿ ಬೆಲ್ ಹೊಡೆಯಿತು, ಇಬ್ಬರೂ ಕ್ಲಾಸಿಗೆ ಹೋದೆವು. ಅವತ್ತು ಬಾಯಿಗೆ ಬಾರದೆ ಉಳಿದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆ ರಾತ್ರಿ ಅಜ್ಜನ ಕುರ್‌ಆನ್ ತೆಗೆದೆ. ಹಸಿರು ಬಟ್ಟೆಯ ಗವಸು, ಮರದ ರೆಹಾಲು. ಒಂಬತ್ತನೇ ಅಧ್ಯಾಯ, ಸೂರಃ ತೌಬಾ. ಕುರ್‌ಆನಿನ 114 ಅಧ್ಯಾಯಗಳಲ್ಲಿ ಇದೊಂದರ ತಲೆಯ ಮೇಲೆ ಮಾತ್ರ ಬಿಸ್ಮಿಲ್ಲಾ, ಅಂದರೆ ಅಲ್ಲಾಹನ ಹೆಸರಿನಲ್ಲಿ ಅನ್ನುವ ಆರಂಭದ ಸಾಲು, ಇಲ್ಲ. ಚಿಕ್ಕವನಿದ್ದಾಗ ಈ ಪುಟ ಬಂದರೆ ಉಸ್ತಾದರು ಬೆರಳಿಟ್ಟು ತಡೆಯುತ್ತಿದ್ದರು. "ಇಲ್ಲಿ ಬಿಸ್ಮಿ ಹೇಳಬಾರದು." ಯಾಕೆ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ವಿದ್ವಾಂಸರು ಇದಕ್ಕೆ ಬೇರೆ ಬೇರೆ ಕಾರಣ ಕೊಟ್ಟಿದ್ದಾರೆ. ನನ್ನ ಮನಸ್ಸಿಗೆ ಹಿಡಿಸಿದ್ದು ಇದು: ಬಿಸ್ಮಿಲ್ಲಾ ಅಂದರೆ ಕರುಣೆಯ, ಅಭಯದ ಮಾತು. ಈ ಅಧ್ಯಾಯ ಶುರುವಾಗುವುದೋ ಅಭಯವನ್ನು ವಾಪಸ್ ಪಡೆಯುವ ನೋಟೀಸಿನಿಂದ.

ನೋಟೀಸು ಅಂತ ನಾನು ಸುಮ್ನೆ ಹೇಳುತ್ತಿಲ್ಲ. ಮೊದಲ ಆಯತ್ತೇ, ಅಂದರೆ ವಚನವೇ, ಹಾಗಿದೆ. ಅಲ್ಲಾಹನ ಮತ್ತು ಅವನ ರಸೂಲರ (ದೂತರ, ಅಂದರೆ ಪ್ರವಾದಿ ಮುಹಮ್ಮದರ) ಕಡೆಯಿಂದ, ನೀವು ಕರಾರು ಮಾಡಿಕೊಂಡಿದ್ದ ಮುಶ್ರಿಕರಿಗೆ (ಬಹುದೇವಾರಾಧಕರಿಗೆ), ಇನ್ನು ಆ ಕರಾರಿನ ಹೊಣೆ ಇಲ್ಲ ಎಂಬ ಘೋಷಣೆ. ಯಾರಿಂದ, ಯಾರಿಗೆ ಎರಡೂ ಇದೆ. ಎರಡನೇ ಆಯತ್ತಿನಲ್ಲಿ ಗಡುವು ಇದೆ, ನಾಲ್ಕು ತಿಂಗಳು. ನಾಲ್ಕನೆಯದರಲ್ಲಿ ವಿನಾಯಿತಿ ಇದೆ: ಕರಾರಿನಲ್ಲಿ ಯಾವ ಕೊರತೆಯನ್ನೂ ಮಾಡದೆ, ನಿಮ್ಮ ವಿರುದ್ಧ ಯಾರಿಗೂ ನೆರವಾಗದೆ ಇದ್ದವರನ್ನು ಮುಟ್ಟಬೇಡಿ, ಅವರ ಕರಾರನ್ನು ಅವಧಿ ಮುಗಿಯುವ ತನಕ ನಡೆಸಿಕೊಡಿ. ಆಮೇಲೆ ಐದನೆಯದು, ಫೋನಿನಲ್ಲಿ ಬಂದಿದ್ದು. ಅದರ ಹಿಂದೆಯೇ ಆರನೆಯದು: ಆ ಮುಶ್ರಿಕರಲ್ಲಿ ಯಾರಾದರೂ ನಿನ್ನ ಆಶ್ರಯ ಕೇಳಿದರೆ ಆಶ್ರಯ ಕೊಡು, ಅವನು ಅಲ್ಲಾಹನ ಮಾತು ಕೇಳಲಿ, ಆಮೇಲೆ ಅವನನ್ನು ಅವನ ಕ್ಷೇಮದ ಜಾಗಕ್ಕೆ ಮುಟ್ಟಿಸು. ಹದಿಮೂರನೆಯದರಲ್ಲಿ ಕಾರಣ: ಆಣೆ ಮುರಿದವರು, ರಸೂಲರನ್ನು ಊರಿನಿಂದ ಹೊರಹಾಕಲು ಹೊರಟವರು, ಮೊದಲು ಕೈ ಎತ್ತಿದವರು ಅವರೇ ಅಲ್ಲವೇ?

ಇದರ ಹಿಂದೆ ನಡೆದ ಕತೆ ಇದೆ. 628ರಲ್ಲಿ ಪ್ರವಾದಿಯವರಿಗೂ ಮಕ್ಕಾದ ಕುರೈಶ್ ಬುಡಕಟ್ಟಿನವರಿಗೂ ಹುದೈಬಿಯಾದಲ್ಲಿ ಒಪ್ಪಂದವಾಯಿತು, ಹತ್ತು ವರ್ಷ ಯುದ್ಧ ಬೇಡ ಅಂತ. ಎರಡು ವರ್ಷವೂ ಸರಿಯಾಗಿ ನಡೆಯಲಿಲ್ಲ. ಕುರೈಶರ ಕಡೆಯ ಬನೂ ಬಕ್ರ್ ಜನ ಪ್ರವಾದಿಯವರ ಕಡೆಯ ಖುಝಾಅ ಜನರ ಮೇಲೆ ಬಿದ್ದರು. 630ರಲ್ಲಿ ಮಕ್ಕಾ ಪ್ರವಾದಿಯವರ ಕೈಗೆ ಬಂತು. ದಶಕಗಳ ಹಗೆ ಇದ್ದ ಊರಿಗೆ ಅವರು ಕೊಟ್ಟಿದ್ದು ಸಾಮೂಹಿಕ ಕ್ಷಮೆ. ಮರುವರ್ಷ, 631ರ ಹಜ್ಜಿನಲ್ಲಿ, ಸಂಗಾತಿ ಅಬೂಬಕರ್ ಮುಂದಾಳಾಗಿದ್ದಾಗ ಪ್ರವಾದಿಯವರ ಅಳಿಯ ಅಲಿ ಈ ಅಧ್ಯಾಯದ ಮೊದಲ ಭಾಗವನ್ನು ಜನರ ಮುಂದೆ ಓದಿ ಸಾರಿದರು.

ಇಷ್ಟು ಹೇಳಿದರೆ ಮುಗಿಯಿತು, ಹಿಂದುಮುಂದು ನೋಡದೆ ಒಂದು ಸಾಲು ಕಿತ್ತುಕೊಂಡರೆ ಹೀಗೇ ಆಗುವುದು ಅಂತ ಎದ್ದುಹೋಗಬಹುದು. ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ನಿಲ್ಲಿಸಲಾರೆ. ಯಾಕೆಂದರೆ ಐದನೇ ಆಯತ್ತಿಗೆ ಇನ್ನೊಂದು ತುದಿ ಇದೆ: ಅವರು ಪಶ್ಚಾತ್ತಾಪಪಟ್ಟು, ನಮಾಝ್ ನೆಲೆಗೊಳಿಸಿ, ಝಕಾತ್ (ಕಡ್ಡಾಯ ದಾನ) ಕೊಟ್ಟರೆ ಅವರ ದಾರಿ ಬಿಟ್ಟುಬಿಡಿ. ಬರೀ ಕರಾರು ಮುರಿದದ್ದಕ್ಕೆ ಯುದ್ಧ ಅಂತಾದರೆ, ಬಿಡುಗಡೆಯ ಷರತ್ತು ನಮಾಝ್ ಯಾಕೆ? "ಧರ್ಮದಲ್ಲಿ ಬಲವಂತವಿಲ್ಲ" ಅಂತ ಎರಡನೇ ಅಧ್ಯಾಯದಲ್ಲಿ ಹೇಳಿದ ಗ್ರಂಥವೇ ಅಲ್ವಾ ಇದು? ಕಳೆದ ನೂರೈವತ್ತು ವರ್ಷಗಳಲ್ಲಿ ಈ ವಚನಗಳನ್ನು ಹೊಸದಾಗಿ ಓದಲು ಕೂತ ಮುಸ್ಲಿಮ್ ವಿದ್ವಾಂಸರಲ್ಲಿ ಪ್ರಾಮಾಣಿಕರಾದವರೆಲ್ಲ ಈ ಗಂಟಿಗೆ ಕೈ ಹಾಕಿದ್ದಾರೆ.

ಹಳೆಯ ಕಾಲದ ಹಲವು ಪಂಡಿತರ ದಾರಿ ಬೇರೆ ಇತ್ತು. ನಸ್ಖ್ ಅಂತ ಅದಕ್ಕೆ ಹೆಸರು. ಆಮೇಲೆ ಬಂದ ವಚನ ಮೊದಲಿನದನ್ನು ರದ್ದು ಮಾಡುತ್ತದೆ ಅನ್ನುವ ಲೆಕ್ಕ. ಈ ಐದನೇ ಆಯತ್ತು, ಅವರ ಮಾತಲ್ಲಿ 'ಕತ್ತಿಯ ವಚನ', ಒಂದೇ ಶಾಂತಿ, ಸಹನೆ, ಕ್ಷಮೆ ಹೇಳುವ ನೂರಕ್ಕೂ ಜಾಸ್ತಿ ವಚನಗಳನ್ನು ರದ್ದು ಮಾಡಿದೆ ಅಂತ ಬರೆದವರಿದ್ದಾರೆ. ಯೋಚಿಸಿ ನೋಡಿ. ಒಂದು ಸಾಲಿನ ಭಾರಕ್ಕೆ ನೂರು ಸಾಲು ಬಾಯಿ ಮುಚ್ಚಿಕೊಂಡು ಕೂರಬೇಕು. ಆದರೆ ಇದನ್ನು ಎಲ್ಲರೂ ಒಪ್ಪಿರಲಿಲ್ಲ. ಹದಿನೆಂಟನೇ ಶತಮಾನದಲ್ಲಿ ದೆಹಲಿಯ ಶಾಹ್ ವಲಿಯುಲ್ಲಾಹ್ ಆ ಪಟ್ಟಿಯನ್ನು ಒಂದೊಂದಾಗಿ ಜಾಲಾಡಿ, ಇಡೀ ಕುರ್‌ಆನಿನಲ್ಲಿ ನಿಜವಾಗಿ ರದ್ದಾಗಿರುವುದು ಐದೇ ವಚನ ಅಂದರು. ಸಹನೆಯ ವಚನಗಳಿಗೆ ಅವರಿಂದ ಮತ್ತೆ ಜೀವ ಬಂತು.

1857 ಎಲ್ಲವನ್ನೂ ಕಲಕಿಬಿಟ್ಟಿತು. ದಂಗೆ ಅಡಗಿದ ಮೇಲೆ ಇಂಗ್ಲಿಷರ ಅನುಮಾನವೆಲ್ಲ ಮುಸ್ಲಿಮರ ಮೇಲೆ. 1871ರಲ್ಲಿ ಹಂಟರ್ ಎಂಬ ಅಧಿಕಾರಿ ಪುಸ್ತಕವನ್ನೇ ಬರೆದ: ರಾಣಿಯ ವಿರುದ್ಧ ದಂಗೆ ಏಳುವುದು ಈ ಜನಕ್ಕೆ ಧರ್ಮದ ಕಟ್ಟಳೆಯೇ? ಸರ್ ಸಯ್ಯದ್ ಅಹ್ಮದ್ ಖಾನ್ ಉತ್ತರ ಕೊಟ್ಟರು. ಅವರ ಬಳಗದ ಚಿರಾಗ್ ಅಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರಿದ್ದದ್ದು ಹೈದರಾಬಾದಿನಲ್ಲಿ, ನಿಜಾಮರ ಸರ್ಕಾರದ ಕೆಲಸದಲ್ಲಿ. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. 1885ರಲ್ಲಿ ಕಲ್ಕತ್ತಾದಲ್ಲಿ ಅವರ ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಪ್ರವಾದಿಯವರು ಮಾಡಿದ ಯುದ್ಧಗಳೆಲ್ಲ ತಮ್ಮನ್ನು ಉಳಿಸಿಕೊಳ್ಳಲು ಮಾಡಿದವು ಅನ್ನುವುದು ಅವರ ವಾದ. ಜಿಹಾದ್ ಅನ್ನುವ ಪದಕ್ಕೆ ಯುದ್ಧ ಅನ್ನುವ ಅರ್ಥ ಆಮೇಲೆ ಅಂಟಿಕೊಂಡದ್ದು ಅಂತಲೂ ಹೇಳಿದರು. ಅವರು ಹಿಡಿದ ಎಳೆ ಗಟ್ಟಿಯಾಗಿದೆ. 25ನೇ ಅಧ್ಯಾಯದಲ್ಲಿ "ಇದರಿಂದ ಅವರೊಡನೆ ದೊಡ್ಡ ಜಿಹಾದ್ ಮಾಡು" ಅಂತ ಇದೆ. 'ಇದು' ಅಂದರೆ ಕುರ್‌ಆನ್. ಈ ಮಾತು ಬಂದದ್ದು ಮಕ್ಕಾದಲ್ಲಿ, ಮುಸ್ಲಿಮರ ಕೈಯಲ್ಲಿ ಒಂದು ಕೋಲೂ ಇಲ್ಲದ ಕಾಲದಲ್ಲಿ.

ಇವರೆಲ್ಲ ಬಿಳಿಯರ ಭಯಕ್ಕೆ ಹೀಗೆ ಬರೆದರು ಅಂತ ಈಗಲೂ ಹೇಳುವವರಿದ್ದಾರೆ. ಒತ್ತಡ ಇತ್ತು, ನಿಜ. ಆದರೆ ಒತ್ತಡದಲ್ಲಿ ಬರೆದದ್ದೆಲ್ಲ ಸುಳ್ಳಾಗುವುದಿಲ್ಲ. ಮನೆಗೆ ನೆಂಟರು ಬರುತ್ತಾರೆ ಅಂತ ಗುಡಿಸಿದರೂ ಮನೆ ಚೊಕ್ಕಟವಾಗುವುದು ನಿಜವೇ.

ಈಜಿಪ್ಟಿನ ಮಹಮೂದ್ ಶಲ್ತೂತ್ ಇದೇ ದಾರಿಯಲ್ಲಿ ನಡೆದು ಅದನ್ನು ಹೆಚ್ಚು ಶಿಸ್ತಿನಿಂದ ಮಾಡಿದರು. 1958ರಲ್ಲಿ ಕೈರೋದ ಹಳೆಯ ಇಸ್ಲಾಮೀ ವಿದ್ಯಾಪೀಠ ಅಲ್ ಅಝ್‌ಹರಿನ ಮುಖ್ಯಸ್ಥರಾದವರು. ಯುದ್ಧದ ಆಯತ್ತುಗಳನ್ನೆಲ್ಲ ಒಂದೇ ಕಡೆ ಹರಡಿಕೊಂಡು, ಒಂದರಿಂದ ಇನ್ನೊಂದನ್ನು ರದ್ದು ಮಾಡದೆ, ಒಟ್ಟಿಗೆ ಓದಬೇಕು ಅಂದರು. ಹಾಗೆ ಓದಿದರೆ ಮತಾಂತರಕ್ಕಾಗಿ ಯುದ್ಧ ಅನ್ನುವುದಕ್ಕೆ ಎಲ್ಲೂ ಆಧಾರ ಸಿಗುವುದಿಲ್ಲ ಅನ್ನುವುದು ಅವರ ತೀರ್ಮಾನ.

ಇಲ್ಲಿಯವರೆಗಿನದು ವಚನದ ಅರ್ಥದ ಮೇಲಿನ ಜಗ್ಗಾಟ. ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇನ್ನೊಂದು ಪ್ರಶ್ನೆ. ಈ ಆದೇಶ ಹೊರಟಿದ್ದು ಯಾರ ಅಧಿಕಾರದಿಂದ? ಅದು ಯಾರ ಹೆಸರಿಗೆ ಬಂದಿತ್ತು?

ಕೋರ್ಟಿನ ಅಮೀನ ಒಂದು ಮನೆಗೆ ಆರ್ಡರ್ ತರುತ್ತಾನೆ ಅಂದುಕೊಳ್ಳಿ. ಇಂಥವರು ಇಷ್ಟು ದಿನದೊಳಗೆ ಮನೆ ಖಾಲಿ ಮಾಡತಕ್ಕದ್ದು. ಕೇಸು ವರ್ಷಗಟ್ಟಲೆ ನಡೆದಿದೆ, ವಾದ ಮುಗಿದಿದೆ, ಜಡ್ಜ್ ಸಹಿ ಹಾಕಿದ್ದಾರೆ. ಆ ಕಾಗದ ಸುಳ್ಳಲ್ಲ. ಆದರೆ ಪಕ್ಕದ ಬೀದಿಯವನೊಬ್ಬ ಅದನ್ನು ಜೆರಾಕ್ಸ್ ಮಾಡಿಸಿಕೊಂಡು ತನಗಾಗದವರ ಮನೆಗೆಲ್ಲ ನುಗ್ಗಿದರೆ? ಕಾಗದದಲ್ಲಿರುವ ಅಕ್ಷರ ಅವೇ. ಆದರೆ ಅದು ಒಂದು ಕೇಸಿನ ತೀರ್ಪು. ಎಲ್ಲರಿಗೂ ಎಲ್ಲ ಕಾಲಕ್ಕೂ ಮಾಡಿದ ಕಾಯ್ದೆ ಅಲ್ಲ. ಒಂಬತ್ತನೇ ಅಧ್ಯಾಯವನ್ನು ಹೀಗೆ ತೀರ್ಪು ಅಂತ ಓದಿದವರ ಕಡೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಪ್ರವಾದಿಯ ಅಧಿಕಾರ ಅಂದರೇನು ಅಂತ ಕೇಳಿ ಪೆಟ್ಟು ತಿಂದ ಇಬ್ಬರ ಕತೆ ಹೇಳಬೇಕು.

1924ರ ಮಾರ್ಚಿನಲ್ಲಿ ತುರ್ಕಿ ಖಿಲಾಫತ್ತನ್ನೇ, ಅಂದರೆ ಪ್ರವಾದಿಯವರ ಉತ್ತರಾಧಿಕಾರಿ ಅನ್ನಿಸಿಕೊಂಡ ಖಲೀಫನ ಪಟ್ಟವನ್ನೇ, ತೆಗೆದುಹಾಕಿತು. ಈಜಿಪ್ಟಿನ ದೊರೆ ಫುವಾದನಿಗೆ ಆ ಪಟ್ಟದ ಮೇಲೆ ಕಣ್ಣು. ಆಗ, 1925ರಲ್ಲಿ, ಅಲಿ ಅಬ್ದುರ್ರಾಝಿಕ್ ಎಂಬ ಶರೀಅತ್ (ಇಸ್ಲಾಮೀ ಕಾನೂನು) ಕೋರ್ಟಿನ ಖಾಝಿ (ನ್ಯಾಯಾಧೀಶ) ಒಂದು ಸಣ್ಣ ಪುಸ್ತಕ ಬರೆದರು. ಪ್ರವಾದಿಯವರದ್ದು ರಸೂಲರ ಅಧಿಕಾರ, ದೊರೆಯ ಅಧಿಕಾರವಲ್ಲ. ಅದು ಅವರ ಸಾವಿನೊಂದಿಗೇ ಮುಗಿಯಿತು. ಆಮೇಲೆ ಬಂದದ್ದೆಲ್ಲ ಲೌಕಿಕ ರಾಜಕೀಯ ಅಂದರು. ಅವರು ಮುಂದಿಟ್ಟ ವಚನಗಳು ನಮ್ಮ ಮಕ್ಕಳಿಗೂ ಬಾಯಿಪಾಠ: "ನೀನು ನೆನಪಿಸುವವನು ಮಾತ್ರ. ಅವರ ಮೇಲೆ ದರ್ಬಾರು ಮಾಡುವವನಲ್ಲ." 88ನೇ ಅಧ್ಯಾಯದ್ದು. ಮದ್ರಸಾದಲ್ಲಿ ಇದನ್ನು ರಾಗವಾಗಿ ಹೇಳಿದ್ದೇವೆ. ಇದರ ಮೇಲೆ ಒಂದು ಸಿಂಹಾಸನವೇ ಅಲ್ಲಾಡುತ್ತದೆ ಅಂತ ನಮಗೆಲ್ಲಿ ಗೊತ್ತಿತ್ತು?

ಅದೇ ವರ್ಷ ಆಗಸ್ಟಿನಲ್ಲಿ ಅಝ್‌ಹರಿನ ಹಿರಿಯ ಉಲಮಾಗಳ (ಧರ್ಮಪಂಡಿತರ) ಮಂಡಳಿ ಅವರ ವಿದ್ವಾಂಸ ಪದವಿಯನ್ನು ಕಿತ್ತುಕೊಂಡಿತು. ಖಾಝಿ ಕೆಲಸವೂ ಹೋಯಿತು. ಪ್ರವಾದಿಯವರ ಯುದ್ಧಗಳ ಬಗ್ಗೆ ಅವರು ಬರೆದದ್ದೂ ಆರೋಪಗಳಲ್ಲಿ ಒಂದು. ನಿಜ ಹೇಳಬೇಕೆಂದರೆ ಅವರ ವಾದದ ಮೆದು ಜಾಗ ಅದೇ. ಪ್ರವಾದಿಯವರು ಆಡಳಿತವನ್ನೇ ನಡೆಸಲಿಲ್ಲ ಅಂದರೆ ಬದ್ರ್, ಉಹುದ್ ಯುದ್ಧಗಳು, ತೆರಿಗೆ, ಒಪ್ಪಂದ ಇವೆಲ್ಲ ಏನು? ಅದಕ್ಕೆ ಅವರ ಉತ್ತರ ಸಾಲದು. ಆದರೂ 'ಆ ಗಾದಿಗೆ ವಾರಸುದಾರರಿಲ್ಲ' ಅನ್ನುವ ಮಾತಿದೆಯಲ್ಲ, ಅದು ಹಾಗೇ ಉಳಿಯಿತು.

ಇನ್ನೊಬ್ಬರು ಸುಡಾನಿನ ಮಹಮೂದ್ ಮುಹಮ್ಮದ್ ತಾಹಾ. ಓದಿದ್ದು ಇಂಜಿನಿಯರಿಂಗ್. ಅವರ ಓದು ಎಲ್ಲರಿಗಿಂತ ಧೈರ್ಯದ್ದು. ಮಕ್ಕಾದಲ್ಲಿ ಬಂದ ವಚನಗಳೇ ಮೂಲ ಸಂದೇಶ ಅಂದರು. ಎಲ್ಲ ಮನುಷ್ಯರಿಗೆ, ಸಮಾನತೆಯಿಂದ, ಬಲವಂತವಿಲ್ಲದೆ ಹೇಳಿದ ಮಾತು. ಏಳನೇ ಶತಮಾನದ ಜನ ಅದನ್ನು ಹೊರಲಾರದೆ ಹೋದರು. ಹಾಗಾಗಿ ಪ್ರವಾದಿಯವರು ಆಮೇಲೆ ನೆಲೆಸಿದ ಮದೀನಾದಲ್ಲಿ ಆ ಕಾಲದ ಶಕ್ತಿಗೆ ತಕ್ಕ ನಿಯಮಗಳು ಬಂದವು, ಯುದ್ಧ ಬಂತು, ಚಿಕ್ಕ ಮಕ್ಕಳಿಗೆ ಪೋಷಕರಿರುವ ಹಾಗೆ ಪ್ರವಾದಿಯವರು ಜನರ ಮೇಲೆ ಪೋಷಕರಾದರು. ಮಕ್ಕಾದ ವಚನಗಳು ರದ್ದಾಗಲಿಲ್ಲ, ಮುಂದಕ್ಕೆ ಹೋದವು ಅಷ್ಟೆ. ಮನುಷ್ಯ ಬೆಳೆದಿದ್ದಾನೆ, ಈಗ ಅವುಗಳ ಸರದಿ ಅಂದರು. ಹಳಬರ ನಸ್ಖ್ ಲೆಕ್ಕವನ್ನು ತಲೆಕೆಳಗು ಮಾಡಿ ಹಿಡಿದರು.

1983ರಲ್ಲಿ ಸುಡಾನಿನ ಅಧ್ಯಕ್ಷ ನುಮೈರಿ ಶರೀಅತ್ತಿನ ಹೆಸರಿನಲ್ಲಿ ಕಾನೂನು ತಂದ. ತಾಹಾ ಮತ್ತು ಗೆಳೆಯರು ಅದನ್ನು ವಿರೋಧಿಸಿ 1984ರ ಡಿಸೆಂಬರಿನಲ್ಲಿ ಒಂದು ಕರಪತ್ರ ಹಂಚಿದರು. 1985ರ ಜನವರಿ 18ರಂದು, ಎಪ್ಪತ್ತು ದಾಟಿದ ಆ ಮುದುಕರನ್ನು ಖಾರ್ತೂಮಿನ ಕೋಬರ್ ಜೈಲಿನಲ್ಲಿ ಜನರ ಕಣ್ಣೆದುರೇ ಗಲ್ಲಿಗೆ ಹಾಕಿದರು. ಧರ್ಮದ್ರೋಹಿ ಅಂದರು. ಹೆಣವನ್ನು ಹೆಲಿಕಾಪ್ಟರಿನಲ್ಲಿ ಒಯ್ದು ಗುರುತಿಲ್ಲದ ಜಾಗದಲ್ಲಿ ಹೂತರು. ಮೂರು ತಿಂಗಳೊಳಗೆ ನುಮೈರಿ ಕುರ್ಚಿ ಕಳೆದುಕೊಂಡ. ಮರುವರ್ಷ ಸುಡಾನಿನ ಸುಪ್ರೀಂ ಕೋರ್ಟು ಆ ತೀರ್ಪು ಅಸಿಂಧು ಅಂದಿತು. ತಾಹಾ ಅವರ ಓದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮದೀನಾದಲ್ಲಿ ಬಂದದ್ದನ್ನೆಲ್ಲ ಒಂದು ಕಾಲಕ್ಕೆ ಕಟ್ಟಿಹಾಕಿದರೆ "ಧರ್ಮದಲ್ಲಿ ಬಲವಂತವಿಲ್ಲ" ಅನ್ನುವುದನ್ನೂ ಕಟ್ಟಿಹಾಕಬೇಕಾಗುತ್ತದೆ, ಅದು ಬಂದದ್ದೂ ಮದೀನಾದಲ್ಲೇ. ಆದರೆ ಓದಿದ್ದಕ್ಕಾಗಿ ಕುಣಿಕೆಗೆ ಕೊರಳು ಕೊಟ್ಟ ಮನುಷ್ಯನ ಹೆಸರನ್ನು ಇಲ್ಲಿ ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ.

ಈಗ ತೀರ್ಪಿನ ಮಾತಿಗೆ ಬರೋಣ.

ಉತ್ತರ ಪ್ರದೇಶದ ಆಝಮ್‌ಗಢದ ಹಮೀದುದ್ದೀನ್ ಫರಾಹಿ 1863ರಲ್ಲಿ ಹುಟ್ಟಿದವರು. ಅವರೂ ಕೆಲಕಾಲ ಹೈದರಾಬಾದಿನಲ್ಲಿದ್ದರು, ದಾರುಲ್ ಉಲೂಮಿನ ಪ್ರಿನ್ಸಿಪಾಲರಾಗಿ. ಆಮೇಲೆ ಊರಿಗೆ ಮರಳಿ ಸರಾಯ್ ಮೀರಿನ ಮದ್ರಸಾದಲ್ಲಿ ಪಾಠ ಹೇಳಿದರು. ಕುರ್‌ಆನಿನ ಪ್ರತಿ ಅಧ್ಯಾಯಕ್ಕೂ ಒಂದು ನಡುಗಂಬ ಇದೆ, ಆಯತ್ತುಗಳು ಹೆಣೆದುಕೊಂಡಿವೆ, ಒಂದನ್ನು ಕಿತ್ತು ಓದಬಾರದು ಅನ್ನುವುದು ಅವರು ಕಲಿಸಿದ ರೀತಿ. ಅವರ ಶಿಷ್ಯರು ಅಮೀನ್ ಅಹ್ಸನ್ ಇಸ್ಲಾಹಿ. ಇಸ್ಲಾಹಿಯವರ ಶಿಷ್ಯರು ಪಾಕಿಸ್ತಾನದ ಜಾವೇದ್ ಅಹ್ಮದ್ ಗಾಮಿದಿ. ಅವರ ಉರ್ದು ಮಾತುಗಳನ್ನು ಯೂಟ್ಯೂಬಿನಲ್ಲಿ ಕೇಳುವವರು ನಮ್ಮ ಕಡೆಯೂ ಇದ್ದಾರೆ.

ಈ ಗುರುಪರಂಪರೆ ಹೇಳುವುದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನಬಿ ಅಂದರೆ ದೇವರ ಸುದ್ದಿ ತರುವವರು, ತುಂಬಾ ಜನ ಬಂದಿದ್ದಾರೆ. ಅವರಲ್ಲಿ ಕೆಲವರು ಮಾತ್ರ ರಸೂಲರು. ರಸೂಲರು ಬಂದರು ಅಂದರೆ ಆ ಜನಾಂಗದ ಮಟ್ಟಿಗೆ ದೇವರ ಕೋರ್ಟು ಈ ಭೂಮಿಯಲ್ಲೇ ಕೂತಿತು ಅಂತ ಅರ್ಥ. ಪರಲೋಕದಲ್ಲಿ ಎಲ್ಲರಿಗೂ ಆಗಬೇಕಾದ ತೀರ್ಪಿನ ಒಂದು ಸಣ್ಣ ಮಾದರಿ ಇಲ್ಲೇ ಆಗುತ್ತದೆ. ರಸೂಲರು ವರ್ಷಗಟ್ಟಲೆ ಹೇಳುತ್ತಾರೆ, ತಿದ್ದುತ್ತಾರೆ, ಏಟು ತಿನ್ನುತ್ತಾರೆ. ಇನ್ನು ಗೊತ್ತಿರಲಿಲ್ಲ ಅನ್ನಲು ಯಾರಿಗೂ ನೆಪ ಉಳಿಯದ ಗಳಿಗೆ ಬರುತ್ತದೆ. ಅದಕ್ಕೆ ಇತ್ಮಾಮೆ ಹುಜ್ಜತ್ ಅನ್ನುತ್ತಾರೆ. ಆಮೇಲೆ ತೀರ್ಪು. ನೂಹರ ಜನಕ್ಕೆ ಪ್ರಳಯ ಬಂತು. ಆದ್ ಜನಾಂಗಕ್ಕೆ ಬಿರುಗಾಳಿ. ಸಮೂದ್ ಜನಾಂಗಕ್ಕೆ ಸಿಡಿಲಿನಂಥ ಅಬ್ಬರ. ಮುಹಮ್ಮದರ ಜನಕ್ಕೆ ಪ್ರಳಯ ಬರಲಿಲ್ಲ, ಗಾಳಿ ಬರಲಿಲ್ಲ. ಒಂಬತ್ತನೇ ಅಧ್ಯಾಯದ ಹದಿನಾಲ್ಕನೇ ಆಯತ್ತು ನೋಡಿ: "ಅವರೊಡನೆ ಹೋರಾಡಿ. ನಿಮ್ಮ ಕೈಗಳಿಂದ ಅಲ್ಲಾಹ್ ಅವರನ್ನು ಶಿಕ್ಷಿಸುವನು." ಶಿಕ್ಷಿಸುವವನು ಅವನು. ಕೈ ಮಾತ್ರ ಇವರದ್ದು. ಪ್ರಳಯದ ಕೆಲಸವನ್ನು ಈ ಕೈಗಳು ಮಾಡಿದವು.

ಹೀಗೆ ಓದಿದಾಗ ಐದನೇ ಆಯತ್ತಿನ ಬಾಲ ತೊಡಕಾಗುವುದಿಲ್ಲ. ನಮಾಝಿನ ಷರತ್ತು ಯಾಕೆ ಅಂದರೆ, ಅದು ಸಾಮಾನ್ಯ ಯುದ್ಧವಲ್ಲ, ಎರಡು ದಶಕ ನಡೆದ ಒಂದು ಕೇಸಿನ ಕೊನೆಯ ಆದೇಶ. ಇಪ್ಪತ್ತೊಂಬತ್ತನೇ ಆಯತ್ತಿನ ಜಿಝಿಯಾ (ಮುಸ್ಲಿಮೇತರರ ಮೇಲಿನ ತೆರಿಗೆ) ಕೂಡ ಅದೇ ಕೇಸಿನದ್ದು. ಮತ ಬಿಟ್ಟವರನ್ನು ಕೊಲ್ಲಿ ಅನ್ನುವ ಹದೀಸನ್ನೂ (ಪ್ರವಾದಿಯವರದ್ದೆಂದು ದಾಖಲಾದ ಮಾತನ್ನೂ) ಗಾಮಿದಿ ಆ ಜನರಿಗೇ ಸೀಮಿತ ಮಾಡುತ್ತಾರೆ. ಕೇಸು ಮುಗಿಯಿತು, ಕೋರ್ಟು ಎದ್ದಿತು. ಮುಹಮ್ಮದರ ನಂತರ ನಬಿಯೂ ಇಲ್ಲ, ರಸೂಲರೂ ಇಲ್ಲ ಅಂತ ಪ್ರತಿಯೊಬ್ಬ ಮುಸ್ಲಿಮ ನಂಬುತ್ತಾನೆ. ಹಾಗಾದರೆ ಇನ್ನೊಬ್ಬನ ಎದೆಯೊಳಗೆ ಇಣುಕಿ 'ಇವನಿಗೆ ಸತ್ಯ ಗೊತ್ತಾಗಿದೆ, ಗೊತ್ತಿದ್ದೂ ಅಲ್ಲಗಳೆಯುತ್ತಿದ್ದಾನೆ' ಅಂತ ಸಹಿ ಹಾಕುವ ಅಧಿಕಾರ ಯಾರಿಗಿದೆ? ಯಾರಿಗೂ ಇಲ್ಲ. ಖಲೀಫನಿಗಿಲ್ಲ, ಮೌಲಾನಾಗಿಲ್ಲ, ಬಂದೂಕು ಹಿಡಿದ ಹುಡುಗನಿಗಂತೂ ಇಲ್ಲ. ಇನ್ನು ಉಳಿಯುವುದು ಒಂದೇ ಥರದ ಯುದ್ಧ, ದಬ್ಬಾಳಿಕೆಯ ವಿರುದ್ಧದ್ದು. ಅದನ್ನೂ ಮಾಡಬೇಕಾದ್ದು ಸರ್ಕಾರ, ಗುಂಪುಗಳಲ್ಲ. ಮಕ್ಕಾದಲ್ಲಿ ಹದಿಮೂರು ವರ್ಷ ಹೊಡೆತ ತಿಂದರೂ ಪ್ರವಾದಿಯವರು ಕತ್ತಿ ಎತ್ತಲಿಲ್ಲ. ಮದೀನಾದ ಆಡಳಿತ ಕೈಗೆ ಬಂದ ಮೇಲಷ್ಟೇ ಯುದ್ಧಕ್ಕೆ ಅನುಮತಿ ಬಂದದ್ದು.

ವಚನವನ್ನು ಮೆತ್ತಗೆ ಮಾಡದೆ ಇರುವುದೇ ಈ ಓದಿನಲ್ಲಿ ನನಗೆ ಹಿಡಿಸುವ ಗುಣ. ಕೊಲ್ಲಿರಿ ಅಂದರೆ ಕೊಲ್ಲಿರಿ ಅಂತಲೇ ಅನ್ನುತ್ತದೆ. ಆದರೆ ಆ ಕಾಗದವನ್ನು ನಮ್ಮ ಕೈಯಿಂದ ಪೂರ್ತಿ ತೆಗೆದುಕೊಳ್ಳುತ್ತದೆ.

ಇದು ತೀರಾ ಹೊಸದು, ಹಳೆಯ ಇಮಾಮರು ಹೇಳದೇ ಇದ್ದದ್ದು ಅನ್ನುವ ಆಕ್ಷೇಪ ಇದೆ. ಪೂರ್ತಿ ಹೊಸದಲ್ಲ. ಜಿಝಿಯಾ ಕೊಟ್ಟು ತಮ್ಮ ಧರ್ಮದಲ್ಲೇ ಉಳಿಯುವ ಅವಕಾಶ ಅರಬ್ಬೀ ಮುಶ್ರಿಕರಿಗೆ ಮಾತ್ರ ಇಲ್ಲ, ಬೇರೆ ಎಲ್ಲರಿಗೂ ಇದೆ ಅಂತ ಹನಫಿ ಪಂಥದ ಧರ್ಮಶಾಸ್ತ್ರವಾದ ಫಿಕ್‌ಹ್ ಮೊದಲಿಂದಲೂ ಹೇಳಿದೆ. ಹಾಗಾದರೆ ಆ ಜನರ ವಿಷಯ ಬೇರೆ ಅಂತ ಅವರಿಗೂ ಕಂಡಿತ್ತು. ಕಾರಣವನ್ನು ಇಷ್ಟು ಬಿಡಿಸಿ ಹೇಳಿರಲಿಲ್ಲ.

ಹೆಚ್ಚು ಗಟ್ಟಿಯಾದ ಆಕ್ಷೇಪ ಸಹಾಬಿಗಳ ವಿಷಯದ್ದು. ಪ್ರವಾದಿಯವರು ತೀರಿಕೊಂಡ ಮೇಲೆ ಅವರ ಸಂಗಾತಿಗಳು ಇರಾನ್, ಸಿರಿಯಾ, ಈಜಿಪ್ಟಿನ ತನಕ ದಂಡು ತೆಗೆದುಕೊಂಡು ಹೋದರಲ್ಲ? ಎರಡನೇ ಅಧ್ಯಾಯದಲ್ಲಿ ಆ ಪೀಳಿಗೆಯನ್ನು 'ಜನರ ಮೇಲೆ ಸಾಕ್ಷಿಗಳು' ಅಂದಿದೆ, ರಸೂಲರ ಕೆಲಸ ಅವರ ಮೂಲಕ ಸುತ್ತಲಿನ ಜನಾಂಗಗಳಿಗೂ ಮುಟ್ಟಿತು, ಅವರೊಂದಿಗೆ ಮುಗಿಯಿತು ಅಂತ ಗಾಮಿದಿ ಉತ್ತರ. ಇಲ್ಲಿ ಹಗ್ಗವನ್ನು ಸ್ವಲ್ಪ ಜಾಸ್ತಿಯೇ ಜಗ್ಗಿದ ಹಾಗೆ ನನಗೆ ಕಾಣುತ್ತದೆ. ಅಧಿಕಾರ ಒಮ್ಮೆ ಕೈ ದಾಟಿತು ಅಂದರೆ ಇನ್ನೊಮ್ಮೆ ಯಾಕೆ ದಾಟಬಾರದು ಅಂತ ಕೇಳುವವನು ಬಂದೇ ಬರುತ್ತಾನೆ. ಮತ್ತೆ ಇನ್ನೊಂದು ಇದೆ. ಅಲ್ಲಗಳೆದದ್ದಕ್ಕೆ ದೇವರೇ ಸಾವಿನ ಶಿಕ್ಷೆ ಕೊಟ್ಟ ಅನ್ನುವಾಗ ಮನಸ್ಸು ಒಂದು ಕ್ಷಣ ಹಿಂಜರಿಯುತ್ತದೆ. ನಂಬುವವನಾಗಿಯೇ ಇದನ್ನು ಹೇಳುತ್ತಿದ್ದೇನೆ. ಆ ಹಿಂಜರಿಕೆಯನ್ನು ಬಚ್ಚಿಡುವುದು ನನಗೆ ಬೇಕಿಲ್ಲ.

ಅಧಿಕಾರ ಕೈ ದಾಟಿದರೆ ಏನಾಗುತ್ತದೆ ಅಂತ ನಾವು ನೋಡಿಯಾಗಿದೆ. 1981ರಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದಾತ್ ಅವರನ್ನು ಕೊಂದ ಗುಂಪು ಒಂದು ಕಿರುಹೊತ್ತಗೆಯನ್ನು ನೆಚ್ಚಿಕೊಂಡಿತ್ತು. ಕತ್ತಿಯ ವಚನ ಸಹನೆಯ ವಚನಗಳನ್ನೆಲ್ಲ ರದ್ದು ಮಾಡಿದೆ ಅನ್ನುವ ಅದೇ ಹಳೆಯ ಲೆಕ್ಕ ಅದರಲ್ಲೂ ಇತ್ತು. ಅವರಿಗೆ ಮುಶ್ರಿಕರು ಬೇಕಾಗಿರಲಿಲ್ಲ. ಎದುರಿಗಿದ್ದವನು ನಮಾಝ್ ಮಾಡುವವನೇ ಆಗಿದ್ದ.

2010ರ ಅಕ್ಟೋಬರ್ 2ರಂದು ಪಾಕಿಸ್ತಾನದ ಮರ್ದಾನಿನಲ್ಲಿ ಡಾಕ್ಟರ್ ಫಾರೂಕ್ ಖಾನ್ ಅವರನ್ನು ಗುಂಡಿಟ್ಟು ಕೊಂದರು. ಗಾಮಿದಿಯವರ ಬಳಗದವರು, ಮಾನಸಿಕ ರೋಗಗಳ ವೈದ್ಯರು. ತಾಲಿಬಾನಿಗಳು ಆತ್ಮಾಹುತಿಗೆ ತಯಾರು ಮಾಡಿದ್ದ ಹುಡುಗರನ್ನು ಸ್ವಾತ್ ಕಣಿವೆಯಲ್ಲಿ ಮತ್ತೆ ಮನುಷ್ಯರನ್ನಾಗಿ ಮಾಡುವ ಕೆಲಸಕ್ಕೆ ಕೈ ಹಾಕಿದ್ದರು. ನಾನು ಇಷ್ಟು ಹೊತ್ತು ಇಲ್ಲಿ ಫ್ಯಾನಿನ ಕೆಳಗೆ ನಿಂತು ಹೇಳಿದ್ದನ್ನು, ಅವರು ಆ ಹುಡುಗರ ಮುಂದೆ ಕೂತು ಹೇಳಬೇಕಿತ್ತು. ನೀನು ಹಿಡಿದಿರುವ ಆದೇಶ ನಿನ್ನ ಹೆಸರಿಗೆ ಬಂದದ್ದಲ್ಲ ಮಗಾ ಅಂತ.

ನನ್ನ ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಲಾ ಓದುತ್ತಿದ್ದಾಳಂತೆ. "ಸರ್, ಐದನೇ ಆಯತ್ತು ಆ ಕಾಲಕ್ಕೆ ಮುಗೀತು ಅಂದ್ರಿ. ಹಾಗಾದ್ರೆ ಆರನೆಯದೂ ಮುಗೀತಾ? ಆಶ್ರಯ ಕೊಡು ಅನ್ನೋದು? ಒಂದೇ ಆರ್ಡರಿನ ಎರಡು ಪ್ಯಾರಾ ಅಲ್ವಾ ಅವು?"

ಸಭೆ ಸುಮ್ಮನಾಯಿತು. ಇಂಥ ಪ್ರಶ್ನೆ ಕೇಳುವ ಮಕ್ಕಳಿದ್ದಾರಲ್ಲ ಅಂತ ನನಗೆ ಎದೆ ತುಂಬಿ ಬಂತು.

ಅವಳಿಗೆ ಮೊದಲು ವ್ಯಾಕರಣ ಹೇಳಿದೆ. ಅರಬ್ಬಿಯಲ್ಲಿ ಐದನೆಯದು ಬಹುವಚನ, ಗುಂಪಿಗೆ ಹೇಳಿದ್ದು. ಆರನೆಯದು ಏಕವಚನ. 'ನಿನ್ನ' ಆಶ್ರಯ ಕೇಳಿದರೆ 'ನೀನು' ಆಶ್ರಯ ಕೊಡು, ಫ ಅಜಿರ್‌ಹು. ಅಕ್ಷರ ಹಿಡಿದು ಹೋದರೆ ಇದು ಪ್ರವಾದಿಯವರೊಬ್ಬರಿಗೇ ಹೇಳಿದ್ದು, ಅವರೊಂದಿಗೇ ಮುಗಿಯಬೇಕು. ಆದರೆ ಫುಕಹಾಗಳು (ಧರ್ಮಶಾಸ್ತ್ರಜ್ಞರು) ಇದನ್ನು ಮುಗಿಯಲು ಬಿಡಲಿಲ್ಲ. ಅಮಾನ್ ಅಂತ ಇದರ ಮೇಲೆ ಒಂದು ಕಾನೂನನ್ನೇ ಕಟ್ಟಿದರು: ಸಾಮಾನ್ಯ ಮುಸ್ಲಿಮನೊಬ್ಬ ಎದುರು ಪಕ್ಷದವನಿಗೆ ಅಭಯ ಕೊಟ್ಟರೂ ಉಳಿದವರೆಲ್ಲ ಅದಕ್ಕೆ ಬದ್ಧರು. ಅದಕ್ಕೆ ಅವರಿಗೆ ಆಧಾರವೂ ಇತ್ತು. ಬುಖಾರಿ ಎಂಬ ಸಂಗ್ರಹದಲ್ಲಿ ಬರುವ ಹದೀಸು.

ಮಕ್ಕಾ ಕೈಗೆ ಬಂದ ವರ್ಷ. ಪ್ರವಾದಿಯವರ ದೊಡ್ಡಪ್ಪ ಅಬೂತಾಲಿಬರ ಮಗಳು ಉಮ್ಮು ಹಾನೀ, ಎದುರು ಪಕ್ಷದ ಒಬ್ಬನಿಗೆ ಆಶ್ರಯ ಕೊಟ್ಟಿದ್ದರು. ಅವರ ತಮ್ಮ ಅಲಿ, ಅವನನ್ನು ಕೊಲ್ಲುತ್ತೇನೆ ಅಂದರು. ಈ ಹೆಂಗಸು ನೇರ ಪ್ರವಾದಿಯವರ ಹತ್ತಿರ ನಡೆದರು. ಅವರು ಸ್ನಾನ ಮಾಡುತ್ತಿದ್ದರು, ಮಗಳು ಫಾತಿಮಾ ಬಟ್ಟೆ ಮರೆ ಹಿಡಿದಿದ್ದರು. ಯಾರದು ಅಂತ ಕೇಳಿದರು. ನಾನು, ಉಮ್ಮು ಹಾನೀ. ಮರ್‌ಹಬಾ ಉಮ್ಮು ಹಾನೀ ಅಂದರು. ಸ್ನಾನ ಮುಗಿಸಿ, ಒಂದೇ ಬಟ್ಟೆ ಸುತ್ತಿಕೊಂಡು ಎಂಟು ರಕಅತ್ ನಮಾಝ್ ಮಾಡಿದರು. ಆಕೆ ಕಾದರು. ಆಮೇಲೆ ದೂರು ಹೇಳಿದರು. ಪ್ರವಾದಿಯವರ ಉತ್ತರ: ಉಮ್ಮು ಹಾನೀ, ನೀನು ಆಶ್ರಯ ಕೊಟ್ಟವನಿಗೆ ನಾವೂ ಆಶ್ರಯ ಕೊಟ್ಟಿದ್ದೇವೆ. ಅಜರ್‌ನಾ ಮನ್ ಅಜರ್‌ತಿ. ಆರನೇ ಆಯತ್ತಿನ ಅಜಿರ್ ಇದೆಯಲ್ಲ, ಅದೇ ಪದ. ಅದನ್ನು ಪ್ರವಾದಿಯವರು ಬಹುವಚನ ಮಾಡಿ ವಾಪಸ್ ಕೊಟ್ಟರು, ಕೊಟ್ಟಿದ್ದು ಒಬ್ಬ ಹೆಂಗಸಿಗೆ.

ಹುಡುಗಿ ಆ ಅರಬ್ಬಿ ಪದವನ್ನು ಇನ್ನೊಮ್ಮೆ ಹೇಳಿಸಿಕೊಂಡು ಬರೆದುಕೊಂಡಳು. ಮಾರನೇ ದಿನ ಸ್ಟಾಫ್ ರೂಮಿಗೆ ಹೋದಾಗ ಅಜ್ಜನ ಕುರ್‌ಆನಿನ ಆ ಪುಟದ ಫೋಟೋ, ನಾಲ್ಕರಿಂದ ಆರರ ತನಕದ ಕನ್ನಡ ಅರ್ಥದ ಜೊತೆ, ನನ್ನ ಫೋನಿನಲ್ಲಿತ್ತು. ಪಕ್ಕದ ಕುರ್ಚಿಯ ಮೇಷ್ಟ್ರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. "ಇದನ್ನ ನಂಗೆ ಕಳಿಸಿ ಸಾರ್" ಅಂದರು.